ನಾಲೆಯ ಲೆಕ್ಕ, ಊರಿನ ಅರಿವು: ಬಂಡೂರು ಸೀಮೆಯಲ್ಲಿ ನೀರಿನ ಶಾಸ್ತ್ರವು ಜನರನ್ನು ಮುಟ್ಟಿದ ಬಗೆ

ಬಂಡೂರು ಎಂಬ ಹೆಸರು ನಾಡಿಗೆ ಪರಿಚಿತವಾಗಿರುವುದು ಕುರಿಯಿಂದ. ಮಳವಳ್ಳಿ ತಾಲ್ಲೂಕಿನ ಈ ಗ್ರಾಮವು ಗಿಡ್ಡ ಕಾಲಿನ, ತುಂಬಿದ ಮೈಯ ಒಂದು ಕುರಿತಳಿಗೆ ತನ್ನ ಹೆಸರನ್ನು ಕೊಟ್ಟು ತಾನು ಹಿಂದೆ ಸರಿದು ನಿಂತಿದೆ. ಕುರಿಯಾದರೋ ಬೀಳುನೆಲವನ್ನೂ ಕೂಳೆಹೊಲವನ್ನೂ ನಂಬಿ ಬದುಕುವ ಪ್ರಾಣಿ. ಆದರೆ ಇದೇ ತಾಲ್ಲೂಕಿನ ಎಲ್ಲೆಯಲ್ಲಿ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುತ್ತದೆ. ಶಿಂಷಾ ನದಿಯು ಮದ್ದೂರನ್ನು ಹಾದು ಈ ಸೀಮೆಯೊಳಗೇ ಹರಿದು ಕಾವೇರಿಯನ್ನು ಕೂಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕಡೆಯ ಕವಲುಗಳು ಮದ್ದೂರು ಮಳವಳ್ಳಿಗಳಲ್ಲಿಯೇ ಬಂದು ಮುಗಿಯುತ್ತವೆ. ಹೀಗೆ ನಾಲೆಯ ನೀರು, ಕೆರೆಯ ನೀರು, ಬರಿಯ ಮಳೆಯ ನೀರು ಎಂಬ ಮೂರು ಬಗೆಯ ಬೇಸಾಯಗಳೂ ಕೆಲವೇ ಮೈಲಿಗಳ ಅಂತರದಲ್ಲಿ ಕಾಣಸಿಗುವ ಪ್ರದೇಶವಿದು. ನದಿಯನ್ನು ಕುರಿತು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಡೆದ ಅಳತೆ, ಲೆಕ್ಕ, ಸಂಶೋಧನೆಗಳಲ್ಲಿ ಎಷ್ಟು ಭಾಗ ಇಲ್ಲಿಯ ರೈತನ ತಿಳಿವಳಿಕೆಗೆ ಬಂದಿತು, ಯಾವ ದಾರಿಯಿಂದ ಬಂದಿತು, ಯಾವುದು ಬರಲೇ ಇಲ್ಲ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನೀರಿನ ವಿಷಯವನ್ನು ಜನರಿಗೆ ತಿಳಿಯಪಡಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಮಾತುಗಳು ಹೇರಳವಾಗಿ ದೊರೆಯುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತಿಯ ಹೊಣೆ ಹೊತ್ತವನಿಗೆ ಯಾವ ಗದ್ದೆ ಸಲ್ಲಬೇಕು, ಬೆಳೆಯಲ್ಲಿ ಎಷ್ಟು ಪಾಲು ಕೆರೆಯ ಪೋಷಣೆಗೆ ಹೋಗಬೇಕು ಎಂಬುದನ್ನು ಊರ ಮುಂದಿನ ಕಲ್ಲಿನ ಮೇಲೆ, ಊರವರ ಭಾಷೆಯಲ್ಲಿಯೇ ಕೆತ್ತಿಸುತ್ತಿದ್ದರು. ಓದಲು ಬಾರದವನಿಗೂ ಓದಿ ಹೇಳುವವನೊಬ್ಬನು ಊರಿನಲ್ಲಿರುತ್ತಿದ್ದನೆಂದು ಊಹಿಸಬಹುದು. ಆದರೆ ಈ ಶಾಸನಗಳು ಹೇಳುವುದು ಹಕ್ಕು ಹೊಣೆಗಳನ್ನು, ಕೆರೆಯ ಶಾಸ್ತ್ರವನ್ನಲ್ಲ. ಶಾಸ್ತ್ರವನ್ನು ಹೇಳುವ ಶಾಸನಕ್ಕೆ ಪ್ರಸಿದ್ಧ ನಿದರ್ಶನ, ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಪೋರುಮಾಮಿಳ್ಳದ್ದು. 1369ರಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಹಾಕಿಸಿದ ಈ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿದೆ. ಅದು ಸಂಸ್ಕೃತದಲ್ಲಿದೆ. ಕೆರೆಯ ಏರಿಯ ಮೇಲೆ ಮಣ್ಣು ಹೊತ್ತವರಿಗೆ ಅದು ಅರ್ಥವಾಗುವಂತಿರಲಿಲ್ಲ.

ಕಾವೇರಿಗೇ ಸಂಬಂಧಿಸಿದ ಇನ್ನೊಂದು ಶಾಸನ ಇನ್ನೂ ಹತ್ತಿರದ್ದು. ಕನ್ನಂಬಾಡಿಯ ಬಳಿ ಅಣೆಯೊಂದನ್ನು ಕಟ್ಟಿಸಬೇಕೆಂದು ಟಿಪ್ಪು ಸುಲ್ತಾನನು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಹಾಕಿಸಿದ ಶಿಲಾಲೇಖ, ಕೃಷ್ಣರಾಜಸಾಗರದ ಕೆಲಸ ನಡೆಯುತ್ತಿದ್ದಾಗ ದೊರೆಯಿತು. ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿಯುಂಟೆಂಬುದು ಅದರಲ್ಲಿಯ ಮುಖ್ಯ ಸಂಗತಿಗಳಲ್ಲೊಂದು. ರೈತನಿಗೆ ಇದಕ್ಕಿಂತ ಬೇಕಾದ ಸುದ್ದಿ ಬೇರೆ ಯಾವುದಿದ್ದೀತು? ಆದರೆ ಲೇಖ ಪಾರಸಿಯಲ್ಲಿದೆ. ಸಂಸ್ಕೃತ, ಪಾರಸಿ, ಆಮೇಲೆ ಇಂಗ್ಲಿಷು: ನೀರಿನ ದೊಡ್ಡ ಯೋಜನೆಗಳು ನೀರು ಕಟ್ಟುವವನ ಭಾಷೆಯಲ್ಲಿ ಮಾತನಾಡದಿರುವ ವಾಡಿಕೆ ಒಂದು ಸರಕಾರದಿಂದ ಮತ್ತೊಂದಕ್ಕೆ ಚ್ಯುತಿಯಿಲ್ಲದೆ ಸಾಗಿಬಂದಿದೆ.

ಕಾವೇರಿಯ ಹೊಸ ಕಾಲದ ಅಳತೆಗೂ ಮಳವಳ್ಳಿ ಸೀಮೆಗೂ ನೇರವಾದ ಸಂಬಂಧವುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೆಲಸವನ್ನಾರಂಭಿಸಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಗಣಿಗಳಿಗೆ ಕೊಟ್ಟ ಮಾತನ್ನು ಬೇಸಗೆಯಲ್ಲಿಯೂ ನಡೆಸಬೇಕಾದರೆ ನದಿಯ ಹರಿವು ಯಾವ ತಿಂಗಳಲ್ಲಿ ಎಷ್ಟಕ್ಕೆ ಇಳಿಯುತ್ತದೆಂಬುದನ್ನು ಖಚಿತವಾಗಿ ಬಲ್ಲವರಾಗಬೇಕಾಯಿತು. ಕನ್ನಂಬಾಡಿಯಲ್ಲಿ ನೀರನ್ನು ತಡೆದು ನಿಲ್ಲಿಸುವ ಆಲೋಚನೆಗೆ ನೀರಾವರಿಯಷ್ಟೇ ಇದೂ ಕಾರಣ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಈ ಎರಡು ಉದ್ದೇಶಗಳನ್ನೂ ಕೂಡಿಸಿ ಯೋಜನೆಯನ್ನು ರೂಪಿಸಿದರು. 1911ರಲ್ಲಿ ಕೆಲಸ ಆರಂಭವಾಯಿತು. ನದಿಯನ್ನು ಮೊದಲು ಎಚ್ಚರಿಕೆಯಿಂದ ಅಳೆದದ್ದರಲ್ಲಿ ಗಣಿಯ ಯಂತ್ರಗಳ ಪಾಲು ದೊಡ್ಡದೆಂಬುದನ್ನು ಮರೆಯಬಾರದು. ಅಳತೆಯ ಪುಸ್ತಕಗಳು ಇಲಾಖೆಯ ಬೀರುವಿನಲ್ಲಿ ಉಳಿದುದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಅವುಗಳನ್ನು ಕೇಳುವವರು ಇಂಜಿನಿಯರುಗಳೇ ಆಗಿದ್ದರು, ಅಷ್ಟೆ.

1924ರಲ್ಲಿ ಮೈಸೂರು ಮತ್ತು ಮದರಾಸು ಸರಕಾರಗಳ ನಡುವೆ ಆದ ಒಪ್ಪಂದವು ಈ ಸ್ಥಿತಿಯನ್ನು ಕಾನೂನಿನ ಅಚ್ಚಿನಲ್ಲಿ ಎರಕ ಹೊಯ್ದಿತು. ಕೃಷ್ಣರಾಜಸಾಗರದ ಕೆಳಗೆ ಮೈಸೂರು ಹೊಸದಾಗಿ 1,25,000 ಎಕರೆಗೆ ನೀರಾವರಿಯನ್ನು ವಿಸ್ತರಿಸಬಹುದೆಂದು ಅದರಲ್ಲಿ ಗೊತ್ತಾಯಿತು. ಜಲಾಶಯಕ್ಕೆ ನೀರು ತುಂಬುವ ನಿಯಮಗಳನ್ನು, ಕೆಳಗೆ ತಮಿಳು ಸೀಮೆಯ ಮೇಲಣೆಕಟ್ಟಿನಲ್ಲಿ ತಿಂಗಳು ತಿಂಗಳಿಗೆ ಇರಬೇಕಾದ ಮಟ್ಟಕ್ಕೆ ಹೊಂದಿಸಿ ಬರೆದರು. ಅಂದಿನಿಂದ ಕಾವೇರಿಯ ದಿನದಿನದ ಲೆಕ್ಕವು ಒಂದು ಸರಕಾರವು ಮತ್ತೊಂದಕ್ಕೆ ಒಪ್ಪಿಸುವ ಲೆಕ್ಕವಾಯಿತು. ಯಾರ ಹೊಲಕ್ಕೆ ನೀರು ಹೋಗಬೇಕಾಗಿತ್ತೋ ಅವರಿಗೆ ಒಪ್ಪಿಸಬೇಕೆಂಬ ಮಾತು ಎಲ್ಲಿಯೂ ಏಳಲಿಲ್ಲ.

ಇಲ್ಲಿಂದ ಮುಂದಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಇರ್ವಿನ್ ನಾಲೆಯೆಂದು ಮೊದಲು ಹೆಸರಾಗಿ, ಆಮೇಲೆ ವಿಶ್ವೇಶ್ವರಯ್ಯ ನಾಲೆಯೆನಿಸಿದ ಕಾಲುವೆಯು 1930ರ ದಶಕದ ಆರಂಭದಲ್ಲಿ ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯದ ಬಯಲಿಗೆ ಬಂದಿತು. ಅದರ ಜೊತೆಯಲ್ಲಿ ಬಂದದ್ದು ‘ಬ್ಲಾಕ್ ಪದ್ಧತಿ’. ವಿಶ್ವೇಶ್ವರಯ್ಯನವರು ಇದನ್ನು ಮೊದಲು ಮುಂಬಯಿ ಪ್ರಾಂತದಲ್ಲಿ ನೀರಾ ನಾಲೆಗಾಗಿ ರೂಪಿಸಿದ್ದರು. ಅಚ್ಚುಕಟ್ಟನ್ನೆಲ್ಲ ಬ್ಲಾಕುಗಳಾಗಿ ವಿಂಗಡಿಸಿ, ಸ್ಥೂಲವಾಗಿ ಮೂರನೆಯ ಒಂದು ಭಾಗದಲ್ಲಿ ಕಬ್ಬು, ಮೂರನೆಯ ಒಂದು ಭಾಗದಲ್ಲಿ ಭತ್ತ, ಉಳಿದ ಭಾಗದಲ್ಲಿ ಕಡಿಮೆ ನೀರಿನ ಬೆಳೆ, ಹೀಗೆ ವರ್ಷದಿಂದ ವರ್ಷಕ್ಕೆ ಸರದಿ ತಿರುಗಿಸುವುದು ಇದರ ಸಾರ. ನೀರು ಹೆಚ್ಚು ಊರುಗಳಿಗೆ ಹಂಚಿಕೆಯಾಗುತ್ತದೆ, ನೆಲ ಜೌಗಾಗುವುದಿಲ್ಲ, ಜೌಗು ತಪ್ಪಿದರೆ ಮಲೇರಿಯವೂ ಹಿಡಿತಕ್ಕೆ ಬರುತ್ತದೆ, ಕೊನೆಯ ಹಳ್ಳಿಗೂ ಪಾಲು ಮುಟ್ಟುತ್ತದೆ. ಕಾಗದದ ಮೇಲೆ ಇಷ್ಟು ಸಮಂಜಸವಾದ ವ್ಯವಸ್ಥೆಯನ್ನು ಮತ್ತೊಬ್ಬರು ರೂಪಿಸುವುದು ಕಷ್ಟ.

ಅದು ನಿಲ್ಲಲಿಲ್ಲ. ನಾಲೆಯ ಮೊದಲ ಭಾಗದಲ್ಲಿ ಭತ್ತ ಕಬ್ಬುಗಳು ಸರದಿಯ ಕಟ್ಟನ್ನು ಮೀರಿ ಹರಡಿದವು. ಮದ್ದೂರು ಮಳವಳ್ಳಿಗಳ ಕಡೆಯ ಕವಲುಗಳು ಬರಗಾಲದ ವರ್ಷಗಳಲ್ಲಿ ಒಣಗಿದವು. ಇದಕ್ಕೆ ರೈತನ ದುರಾಸೆಯೇ ಕಾರಣವೆಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಆಸೆಯಿಲ್ಲದ ಬೇಸಾಯಗಾರನನ್ನು ಯಾವ ದೇಶದ ಚರಿತ್ರೆಯಲ್ಲಿಯೂ ಕಾಣೆವಾದ್ದರಿಂದ ಈ ಉತ್ತರ ನಮ್ಮನ್ನು ಹೆಚ್ಚು ದೂರ ಕರೆದೊಯ್ಯಲಾರದು. ಕೇಳಬೇಕಾದ ಪ್ರಶ್ನೆ ಬೇರೆ: ಬ್ಲಾಕ್ ಪದ್ಧತಿಯ ಹಿಂದಿನ ಲೆಕ್ಕವನ್ನು ರೈತನಿಗೆ ಯಾರು ಹೇಳಿಕೊಟ್ಟರು?

ಬೆಳೆಯ ವಿಷಯದಲ್ಲಿ ಹೇಳಿಕೊಟ್ಟವರಿದ್ದರು. ಕೆನಡದಿಂದ 1908ರಲ್ಲಿ ಬಂದು ಮೈಸೂರಿನ ವ್ಯವಸಾಯ ಇಲಾಖೆಯನ್ನು ಬೆಳೆಸಿದ ಲೆಸ್ಲಿ ಕೋಲ್ಮನ್ನರು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತೋಟದಲ್ಲಿಯೇ ಸಿಂಪಡಿಸಿ ತೋರಿಸಿ ಗೆದ್ದವರು. ಕಣ್ಣಾರೆ ಕಂಡುದನ್ನು ರೈತ ನಂಬುತ್ತಾನೆಂಬುದು ಅವರಿಗೆ ಗೊತ್ತಿತ್ತು. ಮಂಡ್ಯದಲ್ಲಿಯೂ ಅದೇ ದಾರಿ ಹಿಡಿದರು. ನಾಲೆಯ ಹೆಸರಿನಲ್ಲಿಯೇ 1931ರಲ್ಲಿ ಪ್ರಯೋಗಕ್ಷೇತ್ರ ಆರಂಭವಾಯಿತು. ಇಂದಿಗೂ ಜನ ಅದನ್ನು ‘ವಿ.ಸಿ. ಫಾರಂ’ ಎನ್ನುತ್ತಾರೆ. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಕಾರ್ಖಾನೆಯವರು ಕಬ್ಬಿನ ಹೊಲಕ್ಕೆ ತಮ್ಮ ಜನರನ್ನು ಕಳಿಸಿ, ಗೊಬ್ಬರವನ್ನು ಮುಂಗಡವಾಗಿ ಕೊಟ್ಟು, ನಾಟಿಯಿಂದ ಕಟಾವಿನವರೆಗೆ ಮಾಡಬೇಕಾದುದನ್ನು ಬಾಯಿಂದ ಹೇಳಿ ಕೈಯಿಂದ ಮಾಡಿ ತೋರಿಸಿದರು. ಒಂದು ತಲೆಮಾರಿನೊಳಗೆ, ಕಬ್ಬನ್ನು ಅಷ್ಟಾಗಿ ಅರಿಯದಿದ್ದ ಹಳ್ಳಿಗಳು ಅದರಲ್ಲಿ ಪಳಗಿದವು. ವಿಜ್ಞಾನಪ್ರಸಾರದ ದೃಷ್ಟಿಯಿಂದ ಇದು ಮೈಸೂರು ಸೀಮೆಯ ದೊಡ್ಡ ಯಶಸ್ಸುಗಳಲ್ಲೊಂದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ರೈತನಿಗೆ ಮುಟ್ಟಿದ್ದು ಕಬ್ಬಿನ ಶಾಸ್ತ್ರ, ನೀರಿನ ಶಾಸ್ತ್ರವಲ್ಲ. ನಾಲೆಯ ಬಾಯಲ್ಲಿ ಎಷ್ಟು ಹರಿಯುತ್ತದೆ, ಮಣ್ಣಿನ ಕಾಲುವೆಯಲ್ಲಿ ಎಷ್ಟು ಇಂಗಿಹೋಗುತ್ತದೆ, ಮೇಲಿನ ಹೊಲದವನು ಒಂದು ದಿನ ಹೆಚ್ಚು ಕಟ್ಟಿಕೊಂಡರೆ ಕೆಳಗಿನವನಿಗೆ ಎಷ್ಟು ದಿನ ಕಡಿಮೆಯಾಗುತ್ತದೆ, ಇವನ್ನು ಹೊಲಕ್ಕೆ ಬಂದು ತೋರಿಸಿದವರಿಲ್ಲ. ಬ್ಲಾಕ್ ಪದ್ಧತಿಯು ರೈತನಿಗೆ ಒಂದು ಅಪ್ಪಣೆಯಾಗಿ ಮಾತ್ರ ಬಂದಿತು. ಜೊತೆಯಲ್ಲಿ ನಾಲೆಯ ಖರ್ಚಿಗೆ ಕೊಡಬೇಕಾದ ವಂತಿಗೆಯ ಬೇಡಿಕೆಯೂ ಬಂದಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ರೈತರು ಚಳವಳಿ ಹೂಡಿದುದು ಈ ಹಿನ್ನೆಲೆಯಲ್ಲಿ. ಕಾರಣ ತಿಳಿಯದ ಅಪ್ಪಣೆಯನ್ನು ಸಮಯ ಸಿಕ್ಕಾಗ ಮೀರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಬ್ಬನ್ನು ಕಲಿಸಲು ಕಾರ್ಖಾನೆಗೆ ಲಾಭವಿತ್ತು. ನೀರಿನ ಲೆಕ್ಕವನ್ನು ಕಲಿಸುವುದರಿಂದ ಲಾಭವಾಗಬೇಕಾಗಿದ್ದುದು ನಾಲೆಯ ಕೊನೆಯಲ್ಲಿದ್ದ ರೈತನಿಗೆ, ಅವನಿಗೋ ಕಚೇರಿಯಲ್ಲಿ ದನಿಯಿರಲಿಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಶಕ್ತಿಯೇ ಆಗ ಇರಲಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಅದು ಸರಿಯಲ್ಲ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತ್ತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ಅದು ಅಲ್ಪಾಯುವಾದರೂ, ಭೌತಶಾಸ್ತ್ರವನ್ನೂ ಕನ್ನಡದಲ್ಲಿ ತಿಳಿಯಾಗಿ ಬರೆಯಬಹುದೆಂದು ತೋರಿಸಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರು ಊರೂರಿಗೆ ಹೋಗಿ ಮಾತನಾಡಿದರು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ದೊರೆತವು. ಶಕ್ತಿಯಿತ್ತು, ಸಾಧನವೂ ಇತ್ತು. ನಾಲೆಯ ನೀರಿನ ಲೆಕ್ಕವು ಜನರಿಗೆ ಹೇಳತಕ್ಕ ವಿಷಯವೆಂಬ ಭಾವನೆ ಮಾತ್ರ ಹುಟ್ಟಿರಲಿಲ್ಲ.

ಈ ಸೀಮೆಯನ್ನು ಕುರಿತ ಸಮಾಜವಿಜ್ಞಾನದ ಸಂಶೋಧನೆಯೂ ಬಹುಕಾಲ ಇದೇ ಹಾದಿಯಲ್ಲಿ ನಡೆಯಿತು. 1954ರಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ, ನಾಲೆಯ ನೀರು ಬಂದ ಊರೊಂದನ್ನೂ ಎತ್ತರದ ನೆಲದಲ್ಲಿದ್ದುದರಿಂದ ನೀರು ಏರದೆ ಒಣಗಿಯೇ ಉಳಿದ ಊರೊಂದನ್ನೂ ಹೋಲಿಸಿದರು. ನೀರು ಬಂದ ಊರು ಬೇಸಾಯದಲ್ಲಿಯೇ ಹೆಚ್ಚು ಬೇರೂರಿ ಹಳೆಯ ಕಟ್ಟಳೆಗಳನ್ನು ಬಹಳಮಟ್ಟಿಗೆ ಉಳಿಸಿಕೊಂಡಿತು. ಒಣ ಊರಿನ ಜನ ಸುತ್ತಲಿನ ಹೊಸ ಸಂಪತ್ತನ್ನು ಹಿಂಬಾಲಿಸಿ ನೌಕರಿ, ವ್ಯಾಪಾರಗಳಿಗೆ ಕೈಹಾಕಿ ಹೆಚ್ಚು ಬದಲಾದರು. ನೀರಾವರಿಯ ಇತಿಹಾಸವನ್ನು ಬರೆಯುವವರು ಬಿಡಲಾಗದ ತೀರ್ಮಾನವಿದು. ಗ್ರಂಥವು 1962ರಲ್ಲಿ ಮ್ಯಾಂಚೆಸ್ಟರಿನಿಂದ ಇಂಗ್ಲಿಷಿನಲ್ಲಿ ಹೊರಬಂದಿತು. ಶಾಸ್ತ್ರದ ಶಿಷ್ಟಾಚಾರದಂತೆ ಊರುಗಳಿಗೆ ವಾಂಗಲ, ದಾಲೇನ ಎಂಬ ಮರೆಹೆಸರುಗಳಿದ್ದವು. ಅವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದರು. 1998ರಲ್ಲಿ ನಲವತ್ತು ವರ್ಷಗಳ ಬದಲಾವಣೆಯನ್ನು ಕುರಿತು ಹೊರತಂದ ಪುಸ್ತಕದಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಎಂಬ ಇಬ್ಬರು ಸ್ಥಳೀಯರೂ ಸಹಲೇಖಕರಾಗಿ ನಿಂತರು. ಸಂಶೋಧನೆಗೆ ವಸ್ತುವಾದವರು ಸಂಶೋಧನೆಯ ಪಾಲುದಾರರಾದ ಇಂತಹ ಉದಾಹರಣೆ ನಮ್ಮ ಜಿಲ್ಲೆಗಳಲ್ಲಿ ವಿರಳ.

ನೀರಿನ ಅಂಕೆಗಳು ಕೊನೆಗೆ ಜನರ ಬಾಯಿಗೆ ಬಂದದ್ದು ವಿವಾದದ ಮೂಲಕ. 1990ರಲ್ಲಿ ಕಾವೇರಿ ನ್ಯಾಯಾಧಿಕರಣ ರಚಿತವಾಗಿ, 1991ರ ಜೂನಿನಲ್ಲಿ 205 ಟಿ.ಎಂ.ಸಿ. ನೀರನ್ನು ಬಿಡಬೇಕೆಂದು ಮಧ್ಯಂತರ ಆದೇಶ ಬಂದ ಮೇಲೆ, ‘ಟಿ.ಎಂ.ಸಿ.’, ‘ಕ್ಯೂಸೆಕ್’ ಎಂಬ ಪದಗಳು ಮಂಡ್ಯದ ಹೋಟೆಲುಗಳಲ್ಲಿ ಮನೆಮಾತಾದವು. ವೃತ್ತಪತ್ರಿಕೆಗಳು ಕನ್ನಂಬಾಡಿ ಕಟ್ಟೆಯ ದಿನದ ಮಟ್ಟವನ್ನು ಅಚ್ಚುಹಾಕುತ್ತವೆ, 124.80 ಅಡಿಯೆಂದರೆ ಕಟ್ಟೆ ತುಂಬಿತೆಂದು ಶಾಲೆಯ ಹುಡುಗನೂ ಬಲ್ಲ. ಇದನ್ನು ಲಘುವಾಗಿ ಕಾಣಬಾರದು. ಇಲಾಖೆಗಳಿಂದಾಗದ ಕೆಲಸವನ್ನು ಪತ್ರಿಕೆಯ ಎರಡು ಸಾಲಿನ ಸುದ್ದಿ ಮಾಡಿದೆ. ಆದರೆ ಅಂಕೆ ತಿಳಿದಮಾತ್ರಕ್ಕೆ ಅರ್ಥ ತಿಳಿದಂತಾಗುವುದಿಲ್ಲ. ಕಟ್ಟೆಯಲ್ಲಿ 100 ಅಡಿ ನೀರಿದೆಯೆಂದರೆ ಐದರಲ್ಲಿ ನಾಲ್ಕು ಪಾಲು ತುಂಬಿದೆಯೆಂದು ಸಾಮಾನ್ಯರು ಭಾವಿಸುತ್ತಾರೆ. ನದೀಕಣಿವೆಯು ತಳದಲ್ಲಿ ಕಿರಿದಾಗಿ ಮೇಲೆ ಹೋದಂತೆ ಅಗಲವಾಗುವುದರಿಂದ, ಆ ಮಟ್ಟದಲ್ಲಿರುವ ನೀರು ಪೂರ್ಣ ಸಂಗ್ರಹವಾದ ಸುಮಾರು 49.45 ಟಿ.ಎಂ.ಸಿ.ಯಲ್ಲಿ ಅರ್ಧಕ್ಕಿಂತಲೂ ಕಡಿಮೆ. ಮೇಲಿನ ಇಪ್ಪತ್ತೈದು ಅಡಿಯಲ್ಲಿಯೇ ಹೆಚ್ಚು ಪಾಲು ಅಡಗಿದೆ. ಅನ್ನ ಬಡಿಸುವ ಅಗಲಬಾಯಿಯ ಬೋಗುಣಿಯನ್ನು ತೋರಿಸಿ ಇದನ್ನು ಐದು ನಿಮಿಷದಲ್ಲಿ ವಿವರಿಸಬಹುದು.

ಟಿ.ಎಂ.ಸಿ.ಯೂ ಹಾಗೆಯೇ. ಶತಕೋಟಿ ಘನ ಅಡಿಯೆಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಒಂದು ಟಿ.ಎಂ.ಸಿ. ನೀರನ್ನು 1 ಲಕ್ಷ ಎಕರೆಯ ಮೇಲೆ ಸಮನಾಗಿ ಹರಡಿದರೆ ಸುಮಾರು ಎರಡೂಮುಕ್ಕಾಲು ಅಂಗುಲ ನಿಲ್ಲುತ್ತದೆ. ಸುಮಾರು 11,574 ಕ್ಯೂಸೆಕ್ ಪ್ರಮಾಣದಲ್ಲಿ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ.ಯಾಗುತ್ತದೆ. ಹೀಗೆ ಹೇಳಿದರೆ ಗದ್ದೆಯಲ್ಲಿ ನಿಂತ ನೀರನ್ನು ಬೆರಳಿನಿಂದ ಅಳೆದು ರೂಢಿಯಿರುವವನು ಮಿಕ್ಕ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತಾನೆ. 1991, 2002, 2012, 2016 ಮತ್ತು 2023ರ ಉದ್ವೇಗದ ದಿನಗಳಲ್ಲಿ ಅಂಕೆಗಳು ಘೋಷಣೆಗಳಾಗಿ ಮೊಳಗಿದುವೇ ಹೊರತು ಹೀಗೆ ಅಂಗುಲಗಳಾಗಿ ಇಳಿಯಲಿಲ್ಲ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿರ್ಣಯಿಸಿತು. ಅದರಲ್ಲಿ ಹೆಚ್ಚಾಗಿ ದೊರೆತ 14.75 ಟಿ.ಎಂ.ಸಿ.ಯು ಮಳವಳ್ಳಿಯ ಕಡೆಯ ಕವಲಿಗೆ ಏನು ಎಂಬ ಪ್ರಶ್ನೆಗೆ ತೀರ್ಪಿನ ನೂರಾರು ಪುಟಗಳಲ್ಲಿ ಉತ್ತರ ಹುಡುಕುವುದು ರೈತನ ಕೆಲಸವಲ್ಲ.

ಈ ಮಧ್ಯೆ 2003ರಲ್ಲಿ ನಡೆದ ಒಂದು ಪ್ರಯತ್ನ ಉಲ್ಲೇಖಾರ್ಹ. ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ವಿದ್ವಾಂಸರ ನೆರವಿನಿಂದ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಕೂಡಿ, ಒಬ್ಬರ ಜಮೀನನ್ನು ಮತ್ತೊಬ್ಬರು ಹೋಗಿ ಕಂಡು ಬಂದರು. ನದಿಯ ಲೆಕ್ಕವನ್ನು ಸರಕಾರಗಳ ನಡುವಿನಿಂದ ಎತ್ತಿ ಬೇಸಾಯಗಾರರ ನಡುವೆ ಇಟ್ಟದ್ದು ಅದರ ವಿಶೇಷ. ನೀರನ್ನು ಹಂಚುವ ಅಧಿಕಾರ ಅದಕ್ಕಿರಲಿಲ್ಲವಾದ್ದರಿಂದ ವಿವಾದವೇನೂ ಮುಗಿಯಲಿಲ್ಲ. ಆದರೂ ಎದುರುಪಕ್ಷದ ಗದ್ದೆಯನ್ನು ಕಣ್ಣಿನಿಂದ ಕಂಡವನ ಮಾತಿಗೂ ಕಾಣದವನ ಮಾತಿಗೂ ಅಂತರವುಂಟು.

ಒಣಭೂಮಿಯ ಕಡೆಗೆ ತಿರುಗಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಉಪಗ್ರಹದಿಂದ ತೆಗೆದ ನಕ್ಷೆಗಳನ್ನು ಬಳಸಿಕೊಂಡು, ಗ್ರಾಮಸ್ಥರೊಡನೆ ಕುಳಿತು ಬದು, ಕಟ್ಟೆ, ಗಿಡಗಳ ಸ್ಥಳಗಳನ್ನು ಗೊತ್ತುಮಾಡುವ ಪದ್ಧತಿ ಬಂದಿತು. ನಾಲೆಯ ರೈತನಿಗೆ ಎಂದೂ ದೊರೆಯದ ನಕ್ಷೆ ಮಳೆಯಾಶ್ರಯದ ರೈತನಿಗೆ ದೊರೆಯಿತು. ‘ಜಲಾನಯನ’ ಎಂಬ ಪದವಾದರೋ ಪಂಡಿತರು ಟಂಕಿಸಿದ್ದು. ಅದನ್ನು ಕೇಳಿದ ಹಳ್ಳಿಯವನಿಗೆ ಇಲಾಖೆಯ ಹೆಸರು ನೆನಪಾಗುತ್ತದೆಯೇ ಹೊರತು ನೆಲದ ಇಳಿಜಾರಲ್ಲ. ಆದರೆ ಆ ಅರ್ಥದ ಅರಿವು ಅವನಲ್ಲಿ ಇಲ್ಲವೆಂದಲ್ಲ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಯಂಗಳ ತುಂಬುತ್ತದೆಂಬುದು, ಹಳ್ಳಕ್ಕೆ ಯಾವ ಗುಡ್ಡದ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂಬುದು, ಯಾವ ತೂಬನ್ನು ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಕೊನೆಗೆ ನೀರು ಮುಟ್ಟುತ್ತದೆಂಬುದು ನೀರುಗಂಟಿಯ ತಲೆಯಲ್ಲಿತ್ತು. ಕೋಡಿ, ತೂಬು, ಏರಿ, ಅಂಗಳ, ಕುಂಟೆ, ಕಟ್ಟೆ ಎಂಬ ಪದಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನಮ್ಮ ವರದಿಗಳನ್ನು ಆ ಪದಗಳಲ್ಲಿ ಬರೆಯುವುದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ.

ಇದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಕೆಲಸ ಈ ಮಾತಿಗೆ ಸಾಕ್ಷಿ. ಕುರಿ ಕಾಯುತ್ತಿದ್ದ ಅವರು, ಬೇಸಗೆಯಲ್ಲಿ ಗುಡ್ಡದ ಮೇಲೆ ಪ್ರಾಣಿಪಕ್ಷಿಗಳಿಗೆ ನೀರಿಲ್ಲದುದನ್ನು ಕಂಡು, ತಮ್ಮ ಕುರಿಗಳನ್ನು ಮಾರಿ ಬಂದ ಹಣವನ್ನೂ ಹಾಕಿ, ಹಲವು ದಶಕಗಳ ಕಾಲ ಒಂದರ ಹಿಂದೊಂದರಂತೆ ಹದಿನಾರರಷ್ಟು ಕಟ್ಟೆಗಳನ್ನು ತೋಡಿದರು. 2020ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇವರ ಹೆಸರನ್ನು ಹೇಳಿದರು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಪತ್ರಿಕೆಗಳು ಅವರನ್ನು ಪರಿಸರಪ್ರೇಮಿಯೆಂದು ಹೊಗಳಿದವು. ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾಗಿ ತೋರುವುದು ಬೇರೆ ಸಂಗತಿ. ಗುಡ್ಡದ ಇಳಿಜಾರಿನಲ್ಲಿ ನೀರು ಎಲ್ಲಿ ನಿಂತೀತು, ಮೇಲಿನದು ತುಂಬಿದ ಮೇಲೆ ಎತ್ತ ಇಳಿದೀತು ಎಂಬ ತೀರ್ಮಾನವನ್ನು ಅವರು ಯಾವ ಪುಸ್ತಕದಿಂದಲೂ ಪಡೆದುದಲ್ಲ. ಕುರಿಯ ಹಿಂದೆ ನಡೆದ ಒಬ್ಬ ಮನುಷ್ಯನ ದೀರ್ಘ ವೀಕ್ಷಣೆಯ ಫಲವದು. ಬಂಡೂರಿನ ಕುರಿಯ ವಂಶಾವಳಿ, ಮಾಂಸದ ಗುಣಗಳನ್ನು ಕುರಿತು ಪಶುವಿಜ್ಞಾನಿಗಳು ಪ್ರಬಂಧಗಳನ್ನು ಬರೆದಿದ್ದಾರೆ. ಆ ಕುರಿಯನ್ನು ಮೇಯಿಸುವವನು ನೆಲವನ್ನೂ ನೀರನ್ನೂ ಕುರಿತು ಬಲ್ಲುದನ್ನು ಬರೆದುಕೊಳ್ಳುವ ಕೆಲಸಕ್ಕೆ ನಮ್ಮ ಇತಿಹಾಸ ವಿಭಾಗಗಳು ಇನ್ನೂ ಹೆಚ್ಚಾಗಿ ಕೈಹಾಕಿಲ್ಲ.

ಆ ಕೆಲಸ ನಮ್ಮ ಕಾಲೇಜುಗಳಿಂದ ಆಗತಕ್ಕದ್ದು. ಮಳವಳ್ಳಿ ಮದ್ದೂರುಗಳ ಪದವಿ ತರಗತಿಗಳಲ್ಲಿರುವ ಎಷ್ಟೋ ವಿದ್ಯಾರ್ಥಿಗಳು ನಾಲೆಯ ಕಡೆಯ ಹಳ್ಳಿಗಳಿಂದಲೇ ಬಂದವರು. ತಮ್ಮ ಊರಿನ ಕವಲಿಗೆ ಯಾವ ವರ್ಷ ಎಷ್ಟು ದಿನ ನೀರು ಬಂದಿತೆಂಬುದನ್ನು ಹಿರಿಯರಿಂದ ಕೇಳಿ, ಇಲಾಖೆಯ ಪುಸ್ತಕಗಳೊಡನೆ ತಾಳೆ ನೋಡಿ ಅವರು ಬರೆದಿಟ್ಟರೆ, ನದಿಯ ಚರಿತ್ರೆಗೆ ಇದುವರೆಗೆ ಇಲ್ಲದ ಒಂದು ಆಕರ ಸಿದ್ಧವಾಗುತ್ತದೆ. ಅದರ ಪ್ರತಿಯೊಂದನ್ನು ಆಯಾ ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ, ಗೋಡೆಯ ಮೇಲೆ, ಕನ್ನಡದಲ್ಲಿ ತೂಗುಹಾಕಿದರೆ ಖರ್ಚು ಹೆಚ್ಚಿಲ್ಲ. ನೀರುಗಂಟಿಗಳಾಗಿ ದುಡಿದವರು ಈಗ ಬಹಳ ಮುದುಕರಾಗಿದ್ದಾರೆ. ಈ ಬೇಸಗೆಯ ರಜೆಯಲ್ಲಿ ಅವರಿಂದಲೇ ಆರಂಭಿಸಬಹುದು.